ಬುರ್ಲಿ ಗೂಡಿಗೆ ಬಿಟ್ಟ ನೆಲ

ಬೇವೂರು
22 ಅಕ್ಟೋಬರ್ 2024, ಮಂಗಳವಾರ

ಪ್ರೀತಿಯ ಅಪ್ಪಾ,

ನಿಮ್ಮ ಲಲಿತಾಳ ಶರಣು. ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಟ್ಟಿದ್ದೀರಿ ಎಂದು ಅವ್ವ ದೂರು ಹೇಳಿದಳು. ಬೆಳಗಿನ ವಾಕಿಂಗ್ ಮಾತ್ರ ತಪ್ಪಿಸುವುದಿಲ್ಲವಂತೆ, ಅದೂ ಕುಷ್ಟಗಿ ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿಯವರೆಗೆ! ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ, ಬಿ.ಪಿ. ಗುಳಿಗೆ ನುಂಗಿ ಹೋಗಿ. ಇಲ್ಲಿ ನಾವೆಲ್ಲ ಆರಾಮ. ನಿಮ್ಮ ಅಳಿಯಂದಿರು ಚಿತ್ತಿ ಮಳೆಗೆ ಬಿದ್ದ ಕಂಬಗಳನ್ನು ನಿಲ್ಲಿಸುವುದರಲ್ಲಿ ನಾಲ್ಕು ದಿನ ಮನೆಯ ಮುಖ ನೋಡಲಿಲ್ಲ. ಲೈನ್‌ಮನ್‌ನ ಕೈಹಿಡಿದ ಮೇಲೆ ಗುಡುಗಿದಾಗೆಲ್ಲ ಬುತ್ತಿ ಕಟ್ಟುವುದು ನನಗೆ ರೂಢಿಯಾಗಿದೆ.

ಫೋನಿರುವಾಗ ಕಾಗದ ಯಾಕೆ ಎನ್ನಬೇಡಿ. ಹದಿನಾಲ್ಕು ತಿಂಗಳಿಂದ ನನ್ನ ದನಿ ಕೇಳಿದೊಡನೆ ನೀವು ಫೋನನ್ನು ಅವ್ವನ ಕೈಗೆ ಕೊಡುತ್ತೀರಿ. ಆದರೆ ಬಂದ ಕಾಗದವನ್ನು ಓದದೆ ಇಡುವವರು ನೀವಲ್ಲ. ಅಕ್ಷರ ತಪ್ಪು ಹುಡುಕಲಿಕ್ಕಾದರೂ ಕೆಂಪು ಪೆನ್ನು ಹಿಡಿದು ಓದುತ್ತೀರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಸಿಟ್ಟು ನನಗೆ ತಿಳಿಯದ್ದೇನಲ್ಲ. ನೀಲಾಳನ್ನು ಶಾಲೆ ಬಿಡಿಸಿದ ದಿನ ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ: “ಮೂವತ್ತಾರು ವರ್ಷ ಮನಿ ಮನಿ ತಿರುಗಿ, ಹೆಣ್ಣುಮಕ್ಕಳನ್ನ ಸಾಲಿಗಿ ಕಳಸ್ರಿ ಅಂತ ಕೈ ಮುಗದೇನಿ. ಇವತ್ತ ನನ್ನ ಮಗಳೇ ತನ್ನ ಮಗಳನ್ನ ಮನ್ಯಾಗ ಕೂಡಿಸ್ಯಾಳ.” ಹೊಲ ಕಾಯಲು ಕೂತಿದ್ದ ಹುಡುಗಿಯರನ್ನು ನೀವು ಸೈಕಲ್ ಮೇಲೆ ಕೂಡಿಸಿಕೊಂಡು ಶಾಲೆಗೆ ತಂದದ್ದನ್ನು ಕಣ್ಣಾರೆ ಕಂಡವಳು ನಾನು.

ಆದರೆ ನೀಲಾ ಹೋಗುತ್ತಿದ್ದ ಶಾಲೆಯಲ್ಲಿ ನಡೆದದ್ದನ್ನು ನಿಮಗೆ ಪೂರ್ತಿ ಹೇಳಲು ನನಗೆ ಬಾಯಿ ಬಂದಿರಲಿಲ್ಲ. ನೀಲಾಳ ಮಾತು ತಡೆಯುತ್ತದೆ ಎಂಬುದು ನಿಮಗೆ ಗೊತ್ತು. ಹಾಜರಿ ಕರೆದಾಗ ಅವಳಿಗೆ ‘ಪ್ರೆಸೆಂಟ್’ ಎನ್ನುವುದಕ್ಕೇ ಹೊತ್ತು ಹಿಡಿಯುತ್ತಿತ್ತು. ಹಾಡಿದರೆ ತಡೆಯುವುದಿಲ್ಲ ಎಂದು ಯಾರೋ ಹೇಳಿದ್ದನ್ನು ಕೇಳಿ, “ಹಾಡಿ ಹೇಳು” ಅಂದರಂತೆ ಅವರ ಟೀಚರು. ಕೆಟ್ಟ ಮನಸ್ಸಿನಿಂದ ಅಂದಿರಲಿಕ್ಕಿಲ್ಲ. ಮರುದಿನದಿಂದ ಮೂವತ್ತೆಂಟು ಮಕ್ಕಳೂ ಅವಳ ಜೊತೆ ಹಾಡತೊಡಗಿದರು. ಹಾಜರಿಯಲ್ಲಿ ಹಾಡಿದರು, ಊಟದ ಬಿಡುವಿನಲ್ಲಿ ಹಾಡಿದರು, ವ್ಯಾನಿನಲ್ಲೂ ಹಾಡಿದರು. ಆಮೇಲೆ ಅವಳು ಮನೆಯಲ್ಲೂ ಮಾತು ಬಿಟ್ಟಳು. ನೀರು ಬೇಕಾದರೆ ಲೋಟ ಎತ್ತಿ ತೋರಿಸುತ್ತಿದ್ದಳು. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ ಅಪ್ಪಾ.

ಈಗ ನಮ್ಮ ಮನೆ ಶಾಲೆಯ ಸುದ್ದಿ ಕೇಳಿ, ನಗು ಬರುತ್ತದೆ. ಶಾಲೆ ಬಿಡಿಸಿದ ಕೆಲವು ತಿಂಗಳಿಗೆ ಮನೆಯೊಳಗೆ ನಮ್ಮಿಬ್ಬರ ಜೊತೆ ಅವಳ ಮಾತು ಮರಳಿತು. ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಮಗ್ಗಿ. ತಟ್ಟುವ ಸಪ್ಪಳಕ್ಕೆ ಸರಿಯಾಗಿ ಹದಿಮೂರರ ಮಗ್ಗಿ ಎಷ್ಟು ಚೆಂದ ಬರುತ್ತದೆ ಅಂತೀರಿ! ಹದಿಮೂರೇಳಲೆ ಬಂದಾಗ ಮಾತ್ರ ರೊಟ್ಟಿ ಹರಿಯುತ್ತದೆ, ಯಾಕೋ ತಿಳಿಯದು. ಮಧ್ಯಾಹ್ನ ಪಕ್ಕದ ಮನೆಯ ಗೌಸಬೀ ಕೌದಿ ಹೊಲಿಯಲು ಕೂತರೆ ಇವಳೂ ಹೋಗಿ ಕೂರುತ್ತಾಳೆ. ಹಳೆಯ ಸೀರೆಯ ತ್ರಿಕೋನ, ಚೌಕ ಜೋಡಿಸುತ್ತ ಕ್ಷೇತ್ರಫಲ ಕಲಿತದ್ದು ಅಲ್ಲಿಯೇ. “ನಿನ್ನ ಮಗಳು ಲೆಕ್ಕ ಹಾಕಿ ನನ್ನ ಕೌದಿ ಸೊಟ್ಟ ಅಂತ ಬರದ ತೋರಸ್ತಾಳ” ಎಂದು ಗೌಸಬೀ ನನ್ನ ಮೇಲೆ ಜಗಳಕ್ಕೆ ಬಂದಿದ್ದಳು. ಅಳೆದು ನೋಡಿದರೆ ನಾಲ್ಕು ಬೆರಳು ಸೊಟ್ಟವೇ ಇತ್ತು. ನಿಮ್ಮ ಅಳಿಯಂದಿರು ನೀರಿನ ಬಾಟಲಿ ಕೊಯ್ದು, ಪಟ್ಟಿ ಅಂಟಿಸಿ, ಮಾಳಿಗೆಯ ಮೇಲೆ ಮಳೆ ಅಳೆಯುವ ಸಾಧನ ಮಾಡಿಟ್ಟಿದ್ದಾರೆ. ಓಣಿಯವರೆಲ್ಲ “ನೀಲವ್ವಾ, ರಾತ್ರಿ ಎಷ್ಟ ಆತವಾ ಮಳಿ?” ಎಂದು ಕೇಳುತ್ತಾರೆ. ಅವಳು ಸ್ಲೇಟಿನ ಮೇಲೆ ಬರೆದು ಬಾಗಿಲಿಗೆ ಒರಗಿಸಿಡುತ್ತಿದ್ದಳು. ಬಾಯಿಂದ ಹೇಳುತ್ತಿರಲಿಲ್ಲ.

ಸಂಜೆ ನಾವಿಬ್ಬರೂ ತಿರುಗಲು ಹೋಗುತ್ತೇವೆ. ಈ ದಿನಗಳಲ್ಲಿ ನಮ್ಮ ಕಪ್ಪು ಎರಿ ಹೊಲಗಳ ಕಡೆ ಬಂದು ನೋಡಬೇಕು ನೀವು. ಗುರೆಳ್ಳು ಹೂ ಬಿಟ್ಟಿದೆ, ಹಳ್ಳದ ದಂಡೆಗೆ ತಂಗಡಿ ಹೂ. ಒಂದಕ್ಕಿಂತ ಒಂದು ಹಳದಿ. ಎಕ್ಕಿ ಗಿಡದ ಮೇಲೆ ನೀಲಿ ಹಳದಿ ಪಟ್ಟೆಯ ಮಿಡತೆಗಳು, ಯಾರೋ ಕೂತು ಬಣ್ಣ ಹಚ್ಚಿದಂತೆ. ಬಾವಿಯ ಮೇಲೆ ಬಾಗಿದ ಜಾಲಿ ಮರದಲ್ಲಿ ಗೀಜಗನ ಗೂಡು ಇಪ್ಪತ್ತಮೂರು. ಎಣಿಸಿದವಳು ನೀಲಾ, ಎರಡು ಸಲ ತಪ್ಪಿದವಳು ನಾನು. ನೋಡಿದ್ದನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಚಿತ್ರ ಸಹಿತ ಬರೆಯುತ್ತಾಳೆ.

ಈ ಕಾಗದಕ್ಕೆ ಕಾರಣವಾದದ್ದು ಮಹಾನವಮಿಗೆ ನಾಲ್ಕು ದಿನ ಮೊದಲು ನಡೆಯಿತು. ನಮ್ಮೂರ ರೈತ ಓಬಳೆಪ್ಪನ ಹೊಲದ ಮೂಲೆಯಲ್ಲಿ ಕರಕಿ ಹುಲ್ಲು ಬೆಳೆದ ತುಣುಕೊಂದಿದೆ. ಅದರ ಅಂಚಿನಲ್ಲಿ ನಮ್ಮ ಕಾಲ ಬುಡದಿಂದಲೇ ಬುರ್ಲಿ ಹಕ್ಕಿಯೊಂದು ಬುರ್ರನೆ ಎದ್ದು ಓಡಿತು. ಬಗ್ಗಿ ನೋಡಿದರೆ ಹುಲ್ಲಿನ ಗುಳಿಯಲ್ಲಿ ಆರು ತತ್ತಿ, ಕೆನೆ ಬಣ್ಣದವು. ನೀಲಾ ಅವನ್ನು ಮುಟ್ಟದೆ ಚಿತ್ರ ಬರೆಯುತ್ತ ಕೂತಳು. ಅಷ್ಟರಲ್ಲಿ ಓಬಳೆಪ್ಪ ಹಿಂಗಾರಿ ಬಿತ್ತನೆಗೆ ಹೊಲ ಹರಗುತ್ತ ಟ್ರ್ಯಾಕ್ಟರಿನಲ್ಲಿ ನೇರ ನಮ್ಮ ಕಡೆಗೇ ಬಂದ. ನಾನು ಕೂಗುವ ಮೊದಲೇ ಅವಳು ಎದ್ದು ಓಡಿ ಟ್ರ್ಯಾಕ್ಟರಿನ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟಳು. ಓಬಳೆಪ್ಪ ಗಪ್ಪನೆ ಬ್ರೇಕ್ ಹಾಕಿ, “ಏನಾತವಾ? ಹಾವೇನ?” ಅಂದ. ಅವಳು ತಲೆ ಅಲ್ಲಾಡಿಸಿದಳು. “ತ...” ಅಂದಳು. ಅಲ್ಲಿಗೆ ಮಾತು ನಿಂತಿತು. ಕುತ್ತಿಗೆಯ ನರ ಬಿಗಿದು ಕಣ್ಣಲ್ಲಿ ನೀರು ತುಂಬಿತು. ಆ ಶಬ್ದವನ್ನು ನಾನೇ ಹೇಳಿಬಿಡೋಣ ಎಂದು ತುಟಿ ತೆರೆದಿದ್ದೆ. ಓಬಳೆಪ್ಪ ನನ್ನತ್ತ ಅಂಗೈ ತೋರಿಸಿ, “ನೀ ಸುಮ್ಕಿರು ತಂಗಿ” ಎಂದ. ಇಂಜಿನ್ ಬಂದ್ ಮಾಡಿದ. ಕೆಳಗಿಳಿದು ಬಂದು ಮಣ್ಣಿನ ಹೆಂಟೆಯ ಮೇಲೆ ಕೂತು ಎಲೆ ಅಡಿಕೆ ಸಂಚಿ ಬಿಚ್ಚಿದ. “ನನಗೇನ ಅವಸರ ಇಲ್ಲವಾ. ನೀ ಹೇಳು.”

ಅವನು ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗೆ ಹಾಕಿಕೊಂಡ. ಆಮೇಲೆ ಮಗಳ ದನಿ ಬಂತು: “ತ... ತತ್ತಿ ಅದಾವ್ರಿ ಕಾಕಾ. ಆರು. ಬುರ್ಲಿವು. ಮರಿ ಆಗೂ ತನಕ ಹರಗಬ್ಯಾಡ್ರಿ.” ನಾಲ್ಕು ಮಾತು ಅಪ್ಪಾ, ಹೊರಗಿನವರ ಮುಂದೆ, ಒಂದೂವರೆ ವರ್ಷದ ಮೇಲೆ! ಓಬಳೆಪ್ಪ ಎದ್ದು ಗೂಡು ನೋಡಿದ. “ಆತು ತಗಿ, ಇಷ್ಟ ನೆಲ ಈ ವರ್ಷ ಬುರ್ಲಿಗಿ ಬಿತ್ತೇನಿ ಅಂತ ತಿಳ್ಕೋತೀನಿ” ಎಂದು ನಕ್ಕು, ನಾಯಿ ಬಾಯಿ ಹಾಕದಂತೆ ಸುತ್ತ ಜಾಲಿ ಮುಳ್ಳು ಇಟ್ಟು ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ.

ಸೀಗಿ ಹುಣ್ಣಿಮೆಯ ದಿನ ಹೋಗಿ ನೋಡಿದೆವು. ಐದು ಚಿಪ್ಪು ಒಡೆದಿದ್ದವು. ತಾಯಿಯ ಹಿಂದೆ ಮರಿಗಳು ಶೇಂಗಾ ಕಾಳು ಉರುಳಿದಂತೆ ಓಡುತ್ತಿದ್ದವು. “ಒಂದು ತತ್ತಿ ಒಡೆಯಲಿಲ್ಲ, ಕಾರಣ ಗೊತ್ತಿಲ್ಲ” ಎಂದು ನೀಲಾ ಬರೆದುಕೊಂಡಳು. ಓಬಳೆಪ್ಪ ಚಹಾ ಅಂಗಡಿಯಲ್ಲಿ ಈ ಕತೆ ಹೇಳಿದ್ದೇ ತಡ, ಈಗ ಓಣಿಯ ಮಕ್ಕಳು ಸಂಜೆಯಾದರೆ ನಮ್ಮ ಬಾಗಿಲಲ್ಲಿ. ಇವಳು ಮಾತಾಡುವಾಗ ಇನ್ನೂ ತಡೆಯುತ್ತದೆ, ತಡೆಯಲಿ. ಮೊನ್ನೆ ಒಬ್ಬ ಹುಡುಗಿ ನಕ್ಕಳು, ಇವಳು ಮುಖ ಊದಿಸಿಕೊಂಡು ಮನೆಗೆ ಬಂದಳು. ಮರುದಿನ ಮತ್ತೆ ತಾನೇ ಹೋದಳು. ನಾಳೆ ಅವಳು ಶಾಲೆಗೆ ಹೋಗುತ್ತೇನೆ ಎಂದರೆ ಅಂದೇ ಹೆಸರು ಹಚ್ಚುತ್ತೇನೆ. ನಾನು ಬಾಗಿಲು ಹಾಕಿಕೊಂಡು ಕೂತಿಲ್ಲ ಅಪ್ಪಾ, ಇಷ್ಟು ನಂಬಿ.

ಅವ್ವನಿಗೆ ನನ್ನ ಶರಣು ಹೇಳಿ. ಗುರೆಳ್ಳು ಚಟ್ನಿಪುಡಿ ಮಾಡಿಟ್ಟಿದ್ದೇನೆ, ಆ ಕಡೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ.

ನಿಮ್ಮ ಮಗಳು,
ಲಲಿತಾ

ತಾ.ಕ.: ಲಕೋಟೆ ಅಂಟಿಸುವಾಗ ನೀಲಾ ಬಂದು ನಿಮ್ಮ ನಂಬರ್ ಕೇಳಿ ಬರೆದುಕೊಂಡಳು. ಬರುವ ರವಿವಾರ ಬೆಳಿಗ್ಗೆ ಎಂಟಕ್ಕೆ ತಾನೇ ಫೋನ್ ಮಾಡುತ್ತಾಳಂತೆ, ನಾನು ಪಕ್ಕದಲ್ಲಿ ಇರಬಾರದಂತೆ. ಒಂದು ಮಾತು, ಸಿಟ್ಟಾಗಬೇಡಿ. ಮೊದಲೆಲ್ಲ ಅವಳ ಮಾತು ತಡೆದಾಗ ನೀವು ಪ್ರೀತಿಯಿಂದ ಪೂರ್ತಿ ಮಾಡಿಬಿಡುತ್ತಿದ್ದಿರಿ, ನಾನೂ ಮಾಡುತ್ತಿದ್ದೆ. ಅದರ ಬಗ್ಗೆ ಕೇಳಿದರೆ, “ಅಜ್ಜ ನನ್ನ ಮಾತು ತಾನ ಆಡಿಬಿಡ್ತಾನ, ನನಗ ಏನೂ ಉಳಿಯಂಗಿಲ್ಲ” ಅಂದಳು. ಈ ಸಲ ಹಾಗೆ ಮಾಡಬೇಡಿ. ನಡುವೆ ದನಿ ನಿಂತರೆ ಲೈನ್ ಕಟ್ಟಾಯಿತೆಂದು ಫೋನ್ ಇಡಬೇಡಿ ಅಪ್ಪಾ. ಅವಳು ಅಲ್ಲೇ ಇರುತ್ತಾಳೆ.