ಕಿವಿಗೆ ಮುಡಿದ ಮಲ್ಲಿಗೆ

ಗುಳೇದಗುಡ್ಡ
6 ಮೇ 2025

ಪ್ರೀತಿಯ ಫರಹಾನಾ,

ಹೇಗಿದ್ದೀಯಾ, ಇಳಕಲ್ಲಿನಲ್ಲಿ ಬಿಸಿಲು ಹೇಗಿದೆ, ಹೊಲಿಗೆ ಅಂಗಡಿ ಹೇಗಿದೆ ಎಂದೆಲ್ಲ ಕೇಳುವ ಮೊದಲು ಕಿವಿ ಹಿಡಿದುಕೊಳ್ಳುತ್ತೇನೆ. ನಿನ್ನ ಮಗಳ ಮದುವೆಗೆ ಬರಲಿಲ್ಲ. ಆಮೇಲೆ ಆರು ತಿಂಗಳು ನಿನ್ನ ಫೋನನ್ನೂ ಎತ್ತಲಿಲ್ಲ. ಸಿಟ್ಟಾಗಿದ್ದೀ, ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅಳುತ್ತೇನೆ. ಅದಕ್ಕೇ ಈ ಕಾಗದ. ಪೂರ್ತಿ ಓದಿ ಆಮೇಲೆ ಬೈ.

ವಿಷಯ ಇಷ್ಟೇ, ನನ್ನ ಕೂದಲು ಉದುರಿದೆ. ಸಾಲೆಯಲ್ಲಿ ಬೆಂಚಿನ ಕೆಳಗೆ ಜೋತಾಡುತ್ತಿತ್ತಲ್ಲ, ಆ ಜಡೆ ಹೋಯಿತು. ಎರಡು ಕಡೆ ರೂಪಾಯಿಯಗಲ, ಹಿಂದೆ ಒಂದು ಕಡೆ ಅಂಗೈಯಗಲ, ನುಣ್ಣಗೆ. ಬಾಗಲಕೋಟೆಯ ಚರ್ಮದ ಡಾಕ್ಟರು, “ಮೈಯಾಗಿನ ಕಾವಲುಗಾರ ದಾರಿ ತಪ್ಪಿ ಕೂದಲಿನ ಬೇರಿಗೆ ಹೊಡ್ಯಾಕತ್ತಾನ್ರಿ. ಅಂಟುರೋಗ ಅಲ್ಲ, ಅಂಜಬ್ಯಾಡ್ರಿ” ಎಂದು ಮುಲಾಮು ಕೊಟ್ಟರು. ಊಟದ ಪಥ್ಯ ಹೇಳುವ ಇನ್ನೊಬ್ಬರು ಅಲ್ಲೇ ಇದ್ದರು. ಮೈಯೊಳಗಿನ ಉರಿಯೂತ ತಗ್ಗಿಸುವ ಊಟವೆಂದು ಒಂದು ಚೀಟಿ ಬರೆದುಕೊಟ್ಟರು. ಸಕ್ಕರೆ, ಮೈದಾ, ಬೇಕರಿ ತಿಂಡಿ, ಕರಿದದ್ದು ಎಲ್ಲ ಬಂದ್. “ಕೂದಲಾ ಬಂದ ಬರ್ತಾವ ಅಂತ ಬರಕೊಡೂದಿಲ್ರಿ. ಮೈ ಮಾತ್ರ ಹಗುರ ಆಗತೈತಿ” ಎಂದರು. ಮಿರ್ಚಿ ಭಜಿ ಇಲ್ಲದೆ ಸಂಜೆಯೇ ಆಗದ ನಿನ್ನ ಗೆಳತಿಗೆ ಈ ಶಿಕ್ಷೆ!

ಇನ್ನು ತಮಾಷೆ ಕೇಳು. ಬೋಳು ಕಾಣದಿರಲೆಂದು ಬೆಳಗಿನಿಂದ ರಾತ್ರಿವರೆಗೆ ತಲೆ ಮೇಲೆ ಸೆರಗು ಹೊದ್ದೆ. ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು, ಅತ್ತೆ ಗುರುಲಿಂಗವ್ವನಿಗೆ ಹೇಳಿರಲಿಲ್ಲ. ಅವರು ಕಂಡದ್ದೇನು? ಸೊಸೆ ಸೆರಗು ಇಳಿಸುವುದಿಲ್ಲ, ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ, ಭಜಿ ಮುಟ್ಟುವುದಿಲ್ಲ. ಏನೋ ದೊಡ್ಡ ನೇಮ ಹಿಡಿದಿದ್ದಾಳೆಂದು ಓಣಿಗೆಲ್ಲ ಸಾರಿದರು. “ಈಗಿನ ಕಾಲದಾಗ ಇಂಥಾ ಸೊಸಿ ಸಿಗತಾಳೇನ್ರೇ?” ಎಂದು ಕಟ್ಟೆಯ ಮೇಲೆ ಕೂತು ಹೇಳುವುದು ನನ್ನ ಮಗ್ಗದ ಕೋಣೆಗೇ ಕೇಳುತ್ತಿತ್ತು. ನಾನು ಸುಳ್ಳು ಹೇಳಲಿಲ್ಲ, ಖರೆಯನ್ನೂ ಹೇಳಲಿಲ್ಲ. ಹೋಗಿ ಬರುವ ಹೆಂಗಸರು ನನಗೆ ಕೈ ಮುಗಿಯತೊಡಗಿದರು.

ಕಡೆಗೆ ದವನದ ಹುಣ್ಣಿಮೆಗೆ ನಮ್ಮ ಓಣಿಯ ಹೆಂಗಸರೆಲ್ಲ ಸೇರಿದ ಅಕ್ಕನ ಬಳಗದವರು ನನಗೆ ಸನ್ಮಾನವನ್ನೇ ಇಟ್ಟರು! ಒಲ್ಲೆನೆಂದೆ. ಅತ್ತೆ ಆಗಲೇ ಹೂಂ ಎಂದು ಬಂದಿದ್ದರು. ಕೂರಿಸಿದರು, ಉಡಿ ತುಂಬಿದರು. ಬಳಗದಲ್ಲೇ ಹಿರಿಯಳಾದ ಹುಚ್ಚವ್ವ ಮಲ್ಲಿಗೆ ಮಾಲೆ ಮುಡಿಸಲೆಂದು ನನ್ನ ಸೆರಗು ಸರಿಸಿದಳು. ಬೋಳು ಬಯಲಾಯಿತು. ಪಾಪ, ಮಾಲೆ ಕೈಯಲ್ಲಿ ಹಿಡಿದು, “ಯವ್ವಾ, ಇದನ್ನೆಲ್ಲೆ ಸಿಗಸ್ಲಿ?” ಎಂದು ಕೇಳಿದಳು.

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅತ್ತೆ ಎದ್ದು ಬಂದರು. ನನ್ನ ತಲೆ ನೋಡಿದರು, ಮುಖ ನೋಡಿದರು. ಮಾಲೆ ಇಸಿದುಕೊಂಡು ನನ್ನ ಕಿವಿಗೆ ಸುತ್ತಿ, “ಕೂದಲಾ ಹೋದ್ರ ಹೋಗ್ಲಿ, ಕಿವಿ ಅದಾವಲ್ಲ! ನನ್ನ ಸೊಸಿ ನೇಮ ಸುಳ್ಳಲ್ಲ. ಐದ್ ತಿಂಗಳಾತು, ಒಂದ ಭಜಿ ತಿಂದಿಲ್ಲ. ನಿಮ್ಮಾಗ ಯಾರರೆ ಇದ್ದು ತೋರಸ್ರಿ ನೋಡೋಣು!” ಎಂದರು. ಮೊದಲು ನಕ್ಕವಳು ನಾನೇ. ಆಮೇಲೆ ಇಡೀ ಬಳಗ ನಕ್ಕಿತು, ಹುಚ್ಚವ್ವನಂತೂ ಕಣ್ಣೊರೆಸಿಕೊಂಡು ನಕ್ಕಳು.

ಮನೆಗೆ ಬಂದ ಮೇಲೆ ಚೆನ್ನಾಗಿ ಬೈಸಿಕೊಂಡೆ. “ನನ್ನ ಮುಂದ ಹೇಳಾಕ ಏನಾಗಿತ್ತ ನಿನಗ? ನಾ ಏನ್ ಹೊರಗಿನಾಕೇನು?” ಎಂದು ಅತ್ತೆ ಅತ್ತರು. ಮರುದಿನ ತಮ್ಮ ಮಗನಿಂದ ಪಥ್ಯದ ಚೀಟಿ ಓದಿಸಿಕೊಂಡರು. “ಜ್ವಾಳದ ರೊಟ್ಟಿ, ಹಸಿ ತೊಪ್ಪಲಾ, ಅಗಸಿ ಹಿಂಡಿ... ಇಷ್ಟ ಕೇಳಾಕ ಬಾಗಲಕೋಟಿತನಕಾ ಹೋಗಿದ್ಯೇನು?” ಈಗ ಅಗಸಿ ಹುರಿದು ಚಟ್ನಿಪುಡಿ ಕುಟ್ಟುವುದು ಅವರದೇ ಕೆಲಸ. ನನ್ನ ಜೊತೆ ಅವರೂ ಸಕ್ಕರೆ ಬಿಟ್ಟಿದ್ದಾರೆ. ನಮ್ಮ ಮನೆಯವರೂ ಭಜಿ ಬಿಟ್ಟಿದ್ದಾರಂತೆ, ಆದರೆ ಸಂಜೆ ಮೀಸೆಗೆ ಎಣ್ಣೆಯ ವಾಸನೆ ಇರುತ್ತದೆ.

ಫಲವೇನು ಅಂತೀಯಾ? ಎರಡು ಕಡೆ ಬಿಳಿ ನವಿರು ಬಂದಿದೆ. ಅಂಗೈಯಗಲದ್ದು ಹಾಗೇ ಇದೆ, ಕಿವಿಯ ಹಿಂದೆ ಹೊಸದೊಂದು ಹುಟ್ಟಿದೆ. ಮುಲಾಮಿನಿಂದಲೋ ಊಟದಿಂದಲೋ ಡಾಕ್ಟರಿಗೂ ಹೇಳಲಾಗದು. ಆದರೆ ಹೊಟ್ಟೆಯುಬ್ಬರ ಇಲ್ಲ, ಒಳ್ಳೆ ನಿದ್ದೆ ಬರುತ್ತದೆ, ಕುಪ್ಪಸದ ಖಣ ನೇಯುತ್ತ ಹಾಡಿಕೊಳ್ಳುತ್ತೇನೆ. ಸೆರಗು ಹೆಗಲ ಮೇಲಿದೆ. ಭಾಳ ಖುಷಿಯಾಗಿದ್ದೇನೆ ಫರಹಾನಾ.

ಮಗಳು, ಅಳಿಯ ನೂರು ಕಾಲ ಸುಖವಾಗಿರಲಿ. ಅವಳ ಮದುವೆಗೆಂದೇ ನೇಯ್ದ ನವಿಲು ಬಣ್ಣದ ಖಣ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.

ನಿನ್ನ
ರಾಜಶ್ರೀ

ತಾ.ಕ.: ಅತ್ತೆಗೆ ಆರಾಮಿಲ್ಲ, ಮದುವೆಗೆ ಬರಲಾಗದು ಎಂದು ಆಗ ನಿನಗೆ ಹೇಳಿದ್ದು ಸುಳ್ಳು. “ಒಂದ ದಿನಾ ಮೊದ್ಲ ಬಾ, ಸಾಲ್ಯಾಗ ಹೆಣೀತಿದ್ನಲ್ಲಾ, ಹಂಗ ನಿನ್ನ ಜಡಿ ಹೆಣೀತೇನಿ” ಎಂದಿದ್ದೆಯಲ್ಲ, ಅದಕ್ಕೆ ಹೆದರಿದೆ. ಖಣ ಚೀಲದಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದೆ. ಇಳಕಲ್ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಕಡೆಗೆ ಸನ್ಮಾನದಲ್ಲಿ ಊರ ಮುಂದೆ ಬೋಳಾಗಿ ಕೂತೆ, ಅಂದು ನಿನ್ನೊಬ್ಬಳ ಮುಂದೆ ಕೂರಲಾರದೆ ಹೋದೆ. ಮುಂದಿನ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಜಡೆಗೆ ಸಾಲುವಷ್ಟಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಡುತ್ತೀಯಾ?