ಇಬ್ಬರಿಗೂ ಕಂಡ ರನ್‌ವೇ

ಮನೆ, ಅಡುಗೆಮನೆಯ ಮೇಜು
೧೪ನೇ ತಾರೀಕು, ಭಾನುವಾರ

ಪ್ರೀತಿಯ ಮರೀ,

ಹೇಗಿದ್ದೀಯ? ಕೆಮ್ಮು ಹೋಯಿತಾ, ಇಲ್ಲ ಹಾಸ್ಟೆಲಿನ ಗೆಳೆಯರಿಗೆಲ್ಲ ಅದನ್ನೂ ಹಂಚಿದ್ದೀಯಾ? ಮೀಸೆ ಬಂದ ಮಗನನ್ನು ಮರಿ ಎಂದು ಕರೆಯಬಾರದು ಅಂತ ನಿನ್ನಪ್ಪ ಹೇಳುತ್ತಲೇ ಇರುತ್ತಾರೆ. ಅವರ ಮಾತನ್ನು ನಾನು ಯಾವತ್ತು ಕೇಳಿದ್ದೇನೆ? ಇಲ್ಲಿ ಎಲ್ಲರೂ ಕ್ಷೇಮ. ಕ್ಷೇಮ ಎಂದು ಬರೆಯುವಾಗ ಈ ಸಲ ಕೈ ಸ್ವಲ್ಪ ತಡೆಯಿತು, ಯಾಕೆ ಎಂದು ಹೇಳುವುದಕ್ಕೇ ಕೂತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಹೂಂ ಅಮ್ಮ, ಹೂಂ ಅಮ್ಮ" ಅನ್ನುತ್ತೀಯ. ಕಾಗದಕ್ಕೆ ಹಾಗೆ ಹೂಂಗುಟ್ಟಲು ಬರುವುದಿಲ್ಲ. ಬರುವ ಶುಕ್ರವಾರ ನೀನು ಮೊದಲ ಸಲ, ಕಲಿಸುವವರು ಪಕ್ಕದಲ್ಲಿ ಇಲ್ಲದೆ, ಒಬ್ಬನೇ ವಿಮಾನ ಹಾರಿಸುವವನು. ಅಷ್ಟರೊಳಗೆ ನೀನು ಇದನ್ನು ಓದಬೇಕು.

ಮೊನ್ನೆ ಗುರುವಾರ ಬೆಳಗಿನ ವಿಮಾನ ನನ್ನದು. ಪಕ್ಕದಲ್ಲಿ ಕೋ-ಪೈಲಟ್ ಆಗಿ ಬೆಣ್ಣೆ. ಅವನ ಮೆದುಮಾತಿಗೆ ಆ ಹೆಸರಿಟ್ಟವಳು ನಾನೇ. ಒಮ್ಮೆ ಮನೆಗೆ ಬಂದಿದ್ದನಲ್ಲ, ನನ್ನ ಜೊತೆ ಚೆಸ್ ಆಡಿ ಬೇಕೆಂದೇ ಸೋತನಲ್ಲ, ಅವನು. ನಾವು ಇಳಿಯಬೇಕಾದ ಕಡೆ, ವಿಮಾನಕ್ಕೆ ರನ್‌ವೇಯ ದಾರಿ ತೋರಿಸುವ ರೇಡಿಯೋ ಉಪಕರಣ ರಿಪೇರಿಯಲ್ಲಿತ್ತು. ಕಣ್ಣಿಂದ ನೋಡಿಕೊಂಡೇ ಇಳಿಯಬೇಕು, ಅದಕ್ಕೆ ಸರಿಯಾಗಿ ಊರ ತುಂಬ ಮಬ್ಬು. ಹೊರಡುವ ಮುಂಚೆ ಬೆಣ್ಣೆ ಮೆಲ್ಲಗೆ, "ಸ್ವಲ್ಪ ತಡ ಮಾಡೋಣ್ವಾ ಮೇಡಂ, ಬಿಸಿಲು ಏರಿದ್ರೆ ಕರಗತ್ತೆ" ಅಂದ. ನಾನು ನಕ್ಕು, "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು" ಅಂದೆ. ಅವನೂ ನಕ್ಕ. ನಾನು ನಕ್ಕರೆ ಜೊತೆಗಿದ್ದವರೆಲ್ಲ ನಗುತ್ತಾರೆ. ಇಷ್ಟು ವರ್ಷ ಅದನ್ನು ನನ್ನ ಹಾಸ್ಯಪ್ರಜ್ಞೆ ಎಂದುಕೊಂಡಿದ್ದೆ.

ಮೇಲಿಂದ ನೋಡಿದಾಗ ಎಲ್ಲ ಚೆನ್ನಾಗಿಯೇ ಕಂಡಿತು. ನಿನಗೂ ಪಾಠ ಆಗಿರಬೇಕು: ಮಬ್ಬಿನ ಪದರ ತೆಳುವಾಗಿದ್ದರೆ ನೆಟ್ಟಗೆ ಕೆಳಗೆ ನೋಡುವವನಿಗೆ ನೆಲ ಕಾಣುತ್ತದೆ, ಅದೇ ಪದರದೊಳಗೆ ಇಳಿದು ಓರೆಯಾಗಿ ಮುಂದೆ ನೋಡಿದರೆ ಏನೂ ಕಾಣುವುದಿಲ್ಲ. ಈ ಪಾಠವನ್ನು ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಕಂಟ್ರೋಲ್ ಟವರಿನವರು ರನ್‌ವೇ ಕಾಣುತ್ತಿದೆಯಾ ಎಂದು ಕೇಳಿದರು. "ಕಾಣ್ತಿದೆ" ಅಂದೆ. ಬೆಣ್ಣೆ ಅದನ್ನೇ ರೇಡಿಯೋದಲ್ಲಿ ಅವರಿಗೆ ಒಪ್ಪಿಸಿದ. ಆ ಹೊತ್ತಿಗೆ ಅದು ಸುಳ್ಳಲ್ಲ. ಆಮೇಲೆ ಇಳಿಯುತ್ತ ತಿರುಗಿದೆವು, ಎದುರಿಗೇ ಬಿಸಿಲು, ಗಾಜಿನ ಆಚೆ ಹಾಲು ಕದಡಿದ ನೀರಿನ ಹಾಗೆ ಒಂದೇ ಬಿಳುಪು. ರನ್‌ವೇ ಇಲ್ಲ. ಆಗ ಇಬ್ಬರಲ್ಲಿ ಯಾರಾದರೊಬ್ಬರು "ಕಾಣ್ತಿಲ್ಲ" ಅಂದಿದ್ದರೆ ಸಾಕಿತ್ತು, ತಕ್ಷಣ ಮೇಲೇರಬೇಕು. ಯಾಕೆ, ಏನು ಎಂಬ ವಿಚಾರಣೆಯೆಲ್ಲ ನೆಲ ಮುಟ್ಟಿದ ಮೇಲೆ. ನಾನು ಅನ್ನಲಿಲ್ಲ. ಈಗ ತಾನೆ ಕಂಡದ್ದು ಎಲ್ಲಿಗೆ ಓಡಿಹೋಗುತ್ತದೆ ಎಂಬ ಧಿಮಾಕು. ಬೆಣ್ಣೆಯೂ ಸುಮ್ಮನಿದ್ದ, ಹಾಗಾದರೆ ಅವನಿಗೆ ಕಾಣುತ್ತಿದೆ ಎಂದುಕೊಂಡೆ. ಅಷ್ಟರಲ್ಲಿ ಬೂದು ಬಣ್ಣದ ನೇರವಾದ ಪಟ್ಟಿಯೊಂದು ಮೂಡಿತು. "ಅಗೋ" ಅಂದೆ. "ಹೌದು ಮೇಡಂ" ಅಂದ.

ಎತ್ತರ ಹೇಳುವ ಯಂತ್ರದ ದನಿ ತನ್ನ ಪಾಡಿಗೆ ಅಂಕಿ ಇಳಿಸುತ್ತ ಬಂತು. ಆಗ ಕಂಡದ್ದು ಲಾರಿ. ಪಟ್ಟಿಯ ನಟ್ಟನಡುವೆ ಒಂದು ಲಾರಿ. ನಿನ್ನಮ್ಮನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. "ಯಾವನವನು ರನ್‌ವೇ ಮೇಲೆ ಲಾರಿ ನಿಲ್ಸಿರೋನು" ಎಂದು ಬೈದೆ. ಬೈಗುಳ ಇನ್ನೂ ಬಾಯಲ್ಲಿರುವಾಗಲೇ ಲಾರಿಯ ಹಿಂದೆ ರೋಡ್ ರೋಲರ್ ಕಂಡಿತು, ಟಾರಿನ ಡ್ರಮ್ಮುಗಳು ಕಂಡವು, ಸಲಿಕೆ ಹಿಡಿದು ತಲೆಯೆತ್ತಿ ನಿಂತ ಜನ ಕಂಡರು. ಅದು ರನ್‌ವೇಯ ಪಕ್ಕದಲ್ಲಿ ಹೊಸದಾಗಿ ಹಾಕುತ್ತಿರುವ ರಸ್ತೆ. ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮೂಗು ಎತ್ತಿದೆ. ಒಬ್ಬ ಕೆಲಸದವನು ಸಲಿಕೆ ಬಿಸಾಕಿ, ಕಿವಿ ಮುಚ್ಚಿಕೊಂಡು ಕುಕ್ಕರಿಸಿದ. ಅವನ ಅಂಗಿ ಹಳದಿ, ಬೆನ್ನಿನ ಮೇಲೆ ಹರಿದಿತ್ತು. ಅಂಗಿ ಹರಿದದ್ದು ಕಾಣುವಷ್ಟು ಕೆಳಗಿದ್ದೆವು ಮರಿ.

ಬೇರೆ ಊರಿಗೆ ಹೋಗಿ ಇಳಿದೆವು. ತಡವಾಯಿತೆಂದು ಜನ ಗೊಣಗುತ್ತ ಇಳಿದರು. ಒಬ್ಬರು ವಯಸ್ಸಾದ ಹೆಂಗಸು ಮಾತ್ರ ನನ್ನ ಕೈ ಹಿಡಿದು, "ಜೋಪಾನವಾಗಿ ತಂದು ಇಳಿಸಿದೆಯಮ್ಮ" ಅಂದರು. ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಎಲ್ಲರೂ ಹೋದ ಮೇಲೆ ಕಾಕ್‌ಪಿಟ್ಟಿನಲ್ಲಿ ನಾವಿಬ್ಬರೇ ಕೂತಿದ್ದೆವು. ನಿನಗೆ ರನ್‌ವೇ ಕಾಣುತ್ತಿತ್ತಾ ಎಂದು ಕೇಳಿದೆ. "ಇಲ್ಲ ಮೇಡಂ, ತಿರುಗಿದ ಮೇಲೆ ಕಾಣ್ಲೇ ಇಲ್ಲ. ನಿಮಗೆ ಕಾಣ್ತಿದೆ ಅಂದ್ಕೊಂಡೆ" ಅಂದ. ನಾನು ಅವನಿಗೆ ಕಾಣುತ್ತಿದೆ ಎಂದುಕೊಂಡಿದ್ದೆ, ಅವನು ನನಗೆ. ಮತ್ತೆ ಹೌದು ಅಂದೆಯಲ್ಲ ಎಂದರೆ, "ನೀವು ಅಗೋ ಅಂದ್ರಲ್ಲ ಮೇಡಂ" ಅಂದ. ಅನುಮಾನವೇ ಬರಲಿಲ್ಲವೇನೋ ಎಂದು ಕೇಳಿದೆ. "ಬಂತು. ನಿಮಗೆ ಹೇಗೆ ಹೇಳೋದು?" ಅಂದ. ಅಳುತ್ತ ಹೇಳಲಿಲ್ಲ ಮರಿ, ಎಲ್ಲರಿಗೂ ಗೊತ್ತಿರುವ ವಿಷಯ ಹೇಳುವ ಹಾಗೆ ಹೇಳಿದ. ಹಿಂದೆ ಅಷ್ಟು ಜನ ಕೂತಿದ್ದಾರೆ, ಅವನಿಗೂ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ. ಸಾಯುವುದಕ್ಕಾದರೂ ಸಿದ್ಧ, ನನಗೆ ಎದುರು ಹೇಳಲು ಸಿದ್ಧನಿಲ್ಲ. ಆ ರಸ್ತೆಗಿಂತ ಈ ಮಾತು ನನ್ನನ್ನು ಹೆಚ್ಚು ನಡುಗಿಸಿತು. ನಾನು ಯಾರನ್ನೂ ಹೊಡೆದವಳಲ್ಲ, ಬೈದರೂ ಮರುಗಳಿಗೆ ಮರೆಯುವವಳು. ನನ್ನನ್ನು ಕಂಡರೆ ಜನಕ್ಕೆ ಇಷ್ಟು ಭಯವಿದೆ ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಡೆದದ್ದನ್ನು ನಡೆದ ಹಾಗೇ ಕಂಪನಿಗೆ ಬರೆದುಕೊಟ್ಟೆ. ವಿಚಾರಣೆ ಮುಗಿಯುವವರೆಗೆ ಇಬ್ಬರೂ ಹಾರುವಂತಿಲ್ಲ. ಮನೆಯಲ್ಲಿ ಕೂತು ಕೂತು, ಲೋಟ ಕೆಳಗೆ ಬಿದ್ದ ಸದ್ದಿಗೂ ಬೆಚ್ಚುವ ಹಾಗಾಗಿದ್ದೇನೆ. ನಿನ್ನಪ್ಪ ಚಹಾ ಮಾಡಿ ಮಾಡಿ ಮುಂದಿಡುತ್ತಿದ್ದಾರೆ. ನೀನು ನನ್ನ ಚಿಂತೆ ಹಚ್ಚಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಬೂಟು ಹಾಕಿಕೊಂಡು ತಿರುಗಬೇಡ. ಅಜ್ಜಿಯ ಆಶೀರ್ವಾದ ನಿನಗೆ, ನಿನ್ನ ಕೋಣೆಯ ಗೆಳೆಯನಿಗೂ ನಾನು ಕೇಳಿದೆನೆಂದು ಹೇಳು. ನೂರು ಕಾಲ ಚೆನ್ನಾಗಿರು ಕಂದ.

ನಿನ್ನ,
ಅಮ್ಮ

ಇನ್ನೊಂದು ಮಾತು. ಮೇಲೆಯೇ ಬರೆಯಬೇಕಿತ್ತು, ಧೈರ್ಯ ಸಾಲಲಿಲ್ಲ. ನಿನ್ನೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಪಾತ್ರೆ ತೊಳೆಯುತ್ತಿದ್ದ ನಿನ್ನಪ್ಪ ನಲ್ಲಿ ನಿಲ್ಲಿಸಿ, "ನಮ್ಮನೇಲೂ ಒಬ್ಬ ಹಾಗೇ ಹೌದು ಅಂದ್ಕೊಂಡು ಕೂತಿದ್ದಾನೆ" ಅಂದರು. ಆಮೇಲೆ ಎಲ್ಲ ಹೇಳಿದರು. ಹಾರುವ ದಿನವೆಲ್ಲ ಬೆಳಿಗ್ಗೆ ನೀನು ವಾಂತಿ ಮಾಡಿಕೊಳ್ಳುವುದು, ನನಗಿದು ಬೇಡಪ್ಪ ಎಂದು ಅವರ ಹತ್ತಿರ ಅತ್ತದ್ದು, ಅಮ್ಮನಿಗೆ ಹೇಳಬೇಡಿ ಎಂದು ಮಾತು ತೆಗೆದುಕೊಂಡದ್ದು. ನನಗೆ ಮಾತ್ರ ವಾರವಾರವೂ "ಚೆನ್ನಾಗಿ ನಡೀತಿದೆ ಅಮ್ಮ". ಶುಕ್ರವಾರದ್ದು ನಿಲ್ಲಿಸಿ ಎಂದು ನಿನಗೆ ಕಲಿಸುವವರಿಗೆ ಫೋನು ಮಾಡಲು ಹೊರಟೆ. ಮತ್ತೆ ಅದನ್ನೂ ನಿನ್ನ ಬದಲು ನಾನೇ ಹೇಳಿದಂತಾಗುತ್ತದೆ ಎಂದು ಫೋನು ಕೆಳಗಿಟ್ಟೆ. ಹಾರುವುದೋ ಬಿಡುವುದೋ ನೀನೇ ಹೇಳಬೇಕು, ಬಿಟ್ಟರೆ ಯಾಕೆ ಎಂದು ನಾನು ಕೇಳುವುದಿಲ್ಲ. ಈ ಕಾಗದ ತಂದುಕೊಟ್ಟ ನಿನ್ನ ಚಿಕ್ಕಪ್ಪನ ಹತ್ತಿರ, ನೀವಿಬ್ಬರೂ ಮನೆಗೆ ಬರಲು ಎರಡು ಟಿಕೆಟ್ ಇದೆ. ರೈಲಿನದು.