ಅಂಬಾಸಿಡರಿನಲ್ಲಿ ಲೋಟ ಇಡುವ ಜಾಗ

ಶಿವಮೊಗ್ಗ
ಭಾನುವಾರ, ೧೭ ನವೆಂಬರ್ ೨೦೨೪

ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಕಂಬಿ ಇಲ್ಲ. ಗೋಡೆಯ ಪಕ್ಕದಿಂದಲೇ ಹತ್ತು, ಇಳಿ. ದಾವಣಗೆರೆಯ ನೀರು ನಿನಗೆ ಒಗ್ಗುವುದಿಲ್ಲ, ಕಾಯಿಸಿ ಆರಿಸಿಕೊಡಲು ಅಕ್ಕನಿಗೆ ಹೇಳು. ಫೋನಿನಲ್ಲಿ ಕೇಳಬೇಕಾದದ್ದನ್ನು ಕಾಗದದಲ್ಲಿ ಕೇಳುತ್ತಿದ್ದೇನೆ, ಏಕೆಂದರೆ ನೀನು ಫೋನು ಎತ್ತುತ್ತಿಲ್ಲ. ಅಕ್ಕನಿಗೆ ಮಾಡಿದರೆ ‘ಅಮ್ಮ ಮಲಗಿದಾರೆ ಕಣೋ’ ಎನ್ನುತ್ತಾಳೆ. ಅವಳ ಹಿಂದೆಯೇ ನಿನ್ನ ಧ್ವನಿ ಕೇಳುತ್ತಿರುತ್ತದೆ, ಸೊಪ್ಪು ಹೀಗಲ್ಲ ಹಾಗೆ ಹೆಚ್ಚಬೇಕು ಎಂದು ಯಾರಿಗೋ ಹೇಳುತ್ತಿರುತ್ತೀಯ. ಮಲಗಿದವರು ಸೊಪ್ಪು ಹೆಚ್ಚಿಸುವುದಿಲ್ಲ. ಪಕ್ಕದ ಮನೆಯ ಜಯಕುಮಾರ್ ಸಂಜೆ ದಾವಣಗೆರೆಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತೇನೆ. ನಿನ್ನ ಕೈಗೇ ಕೊಡಲು ಹೇಳಿದ್ದೇನೆ.

ನಾವೆಲ್ಲ ಚೆನ್ನಾಗಿದ್ದೇವೆ. ಸ್ಫೂರ್ತಿಗೆ ಪರೀಕ್ಷೆ ಮುಗಿಯಿತು. ಅವಳ ಅಮ್ಮ ಕಾರ್ತಿಕದ ದೀಪಕ್ಕೆ ಬತ್ತಿ ಹೊಸೆಯಲು ಕೂತು, ನಿನ್ನಷ್ಟು ತೆಳ್ಳಗೆ ಬರುವುದಿಲ್ಲ ಎಂದು ಅರ್ಧಕ್ಕೇ ಬಿಟ್ಟಳು. ಕಾರು ಗೇಟಿನ ಒಳಗೆ ನೀನು ನಿಲ್ಲಿಸಿದ ಕಡೆಯೇ ನಿಂತಿದೆ. ಕಾರಿದ್ದವಳು ಕಾರು ಬಿಟ್ಟು, ಬ್ಯಾಗು ತುಂಬಿಕೊಂಡು ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದಳು ಎಂದು ಬುಧವಾರ ಕಾಲೇಜಿನಿಂದ ಬಂದ ಮೇಲೆ ನನಗೆ ಗೊತ್ತಾಯಿತು. ಕೀಲಿ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ನನಗೆ ಓಡಿಸಲು ಬರುವುದಿಲ್ಲ ಎಂದು ಗೊತ್ತಿದ್ದೂ ಕೀಲಿ ಬಿಟ್ಟು ಹೋಗುವುದು ಒಂದು ರೀತಿಯ ಮಾತು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಜಗಳಗಳನ್ನು ಪಾತ್ರೆ, ಬಾಗಿಲು, ಕೀಲಿಗಳೇ ಆಡಿವೆ. ನಾವು ಸುಮ್ಮನಿದ್ದೇವೆ.

ನಡೆದದ್ದನ್ನು ಒಮ್ಮೆ ಬರೆಯುತ್ತೇನೆ. ನಿನಗೆ ಎಲ್ಲ ಗೊತ್ತು. ಆದರೆ ನೀನು ನಿನ್ನ ಕಡೆಯಿಂದ ಹೇಳಿದ್ದನ್ನು ಅಕ್ಕ ನನಗೆ ಹೇಳಿದ್ದಾಳೆ, ಅದರಲ್ಲಿ ನಾನು ಕಾರಿಗೆ ಕನ್ನ ಹಾಕಿದ ಕಳ್ಳನ ಹಾಗಿದ್ದೇನೆ. ಚಿಕ್ಕಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದ ಮೇಲೆ ನೀನು ಪ್ರತಿ ಸೋಮವಾರ ಭದ್ರಾವತಿಯ ಓಲ್ಡ್ ಟೌನಿಗೆ ಅವಳ ಮನೆಗೆ ಹೋಗುತ್ತೀಯ. ಅವಳ ಎಡ ಅಂಗೈಯಲ್ಲಿ ಲಿಂಗ, ಅದಕ್ಕೆ ವಿಭೂತಿ, ಪತ್ರೆ ಏರಿಸುವುದು ನಿನ್ನ ಬಲಗೈ. ಅವಳ ಪೂಜೆ ಮುಗಿದ ಮೇಲೆ ನಿನ್ನದು, ಆಮೇಲೆ ಇಬ್ಬರೂ ಒಟ್ಟಿಗೆ ಪ್ರಸಾದ. ಬೇರೆ ದಿನ ನಸುಕಿಗೇ ಪೂಜೆ ಮುಗಿಸಿ ತಿಂಡಿ ತಿನ್ನುವವಳು ಸೋಮವಾರ ಮಾತ್ರ ಅಲ್ಲಿಯವರೆಗೆ ಒಂದು ಹನಿ ನೀರೂ ಮುಟ್ಟುವುದಿಲ್ಲ. ಇದರ ಬಗ್ಗೆ ನಾನು ಯಾವತ್ತೂ ಏನೂ ಅಂದಿಲ್ಲ. ಅನ್ನುವ ಹಕ್ಕೂ ನನಗಿಲ್ಲ. ‘ಕೊರಳಲ್ಲಿ ಲಿಂಗ ಕಟ್ಟಿಕೊಳ್ಳದವನು ನೇಮದ ಮಾತು ಆಡಬೇಡ’ ಎಂದು ನೀನು ಹೇಳಿ ಬಹಳ ವರ್ಷವಾಯಿತು.

ದಸರಾ ಕಳೆದ ಮೇಲಿನ ಒಂದು ಸೋಮವಾರ ಕಾರಿನ ಮುಂದಿನ ಬಂಪರಿಗೆ ಮರಳು ಮೆತ್ತಿಕೊಂಡಿತ್ತು. ಕೇಳಿದರೆ ‘ನಾಯಿ ಅಡ್ಡ ಬಂತು’ ಅಂದೆ. ಆ ನಾಯಿಯನ್ನು ನಾನು ನಂಬಿದ್ದೆ. ಆಮೇಲೊಂದು ದಿನ ಸ್ಕೂಟರಿನಲ್ಲಿ ಭದ್ರಾವತಿಯಿಂದ ಬರುತ್ತಾ ಮಲವಗೊಪ್ಪದಲ್ಲಿ ಟೀ ಕುಡಿಯಲು ನಿಂತೆ. ಅಂಗಡಿಯ ದ್ಯಾಮಮ್ಮ ನನ್ನ ಮುಖ ನೋಡಿ, ‘ನೀವು ಅಂಬಾಸಿಡರ್ ಅಮ್ಮಾರ ಮಗ ಅಲ್ವಾ? ಈಗ ಹೆಂಗವ್ರೆ?’ ಎಂದಳು. ಕಾರು ನಿಧಾನಕ್ಕೆ ರಸ್ತೆ ಬಿಟ್ಟು, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ರಾಶಿಗೆ ಮೂತಿ ಊರಿ ನಿಂತದ್ದು, ನೀನು ಬೆವತು ನೀರಾಗಿ ಸ್ಟೇರಿಂಗ್ ಮೇಲೆ ತಲೆ ಇಟ್ಟಿದ್ದು, ಎಲ್ಲ ಅವಳೇ ಹೇಳಿದಳು. ‘ನಮ್ಮ ಮನೇರಿಗೂ ಶುಗರ್ ಐತೆ ಸಾ, ನೋಡಿದ್ ಕೂಡ್ಲೆ ಗೊತ್ತಾಯ್ತು. ಸಕ್ರೆ ನೀರು ಕಲಸ್ಕೊಂಡು ಓಡಿದೆ. ಅಮ್ಮಾರು ಹಲ್ಲು ಕಚ್ಕೊಂಡ್ಬಿಟ್ರು. ಪೂಜೆ ಆಗಿಲ್ಲ, ಪೂಜೆ ಆಗಿಲ್ಲ, ಅದೊಂದೇ ಮಾತು.’ ನಾನು ಟೀ ಪೂರ್ತಿ ಕುಡಿಯಲಿಲ್ಲ. ರಸ್ತೆಯ ಆಚೆಗೆ ಆ ಮರಳಿನ ರಾಶಿ ಇನ್ನೂ ಇತ್ತು. ಅದರ ಹಿಂದೆ ಒಂದು ಬಾವಿ ಇದೆ, ನೀನು ನೋಡಿರಲಿಕ್ಕಿಲ್ಲ.

ಮನೆಗೆ ಬಂದು ಕೇಳಿದಾಗ ನೀನು ಕೊಟ್ಟ ಉತ್ತರ ನನ್ನ ತಲೆಯೊಳಗೆ ಈಗಲೂ ತಿರುಗುತ್ತಿದೆ. ‘ಏನಾಯ್ತು ಈಗ? ಒಂದು ಹನಿ ನೀರೂ ಮುಟ್ಟದೆ ಎದ್ದು, ಗಾಡಿ ಹಿಂದಕ್ಕೆ ತಗೊಂಡು, ಹೋಗಿ ಪೂಜೆ ಮಾಡ್ದೆ. ಕಾಪಾಡೋನು ಕಾಪಾಡಿದ. ಇನ್ನು ಮುಂದೂ ಕಾಪಾಡ್ತಾನೆ.’ ಬಸ್ಸಿನಲ್ಲಿ ಹೋಗು ಎಂದರೆ, ಈ ನೋಯುವ ಮಂಡಿ ಇಟ್ಟುಕೊಂಡು ಬಸ್ಸು ಹತ್ತಿಸುತ್ತೀಯಾ ಎಂದೆ. ಡ್ರೈವರ್ ಇಡೋಣ ಎಂದರೆ, ಗೇರ್ ಹಾಕಲು ಬಾರದ ಹುಡುಗರ ಕೈಗೆ ನಿಮ್ಮಪ್ಪನ ಗಾಡಿ ಕೊಡಲ್ಲ ಎಂದೆ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ನನಗೆ ತೋಚಿದ್ದು ಒಂದು ಲೋಟ. ಕೈಗೆ ಎಟಕುವ ಹಾಗೆ ನಿಂಬೆ ಪಾನಕ ಇದ್ದರೆ, ತಲೆ ಸುತ್ತಿ ಬಂದ ಗಳಿಗೆಯಲ್ಲಿ ನೇಮಕ್ಕಿಂತ ಕೈಯೇ ಮುಂದಾಗಿ ತೆಗೆದುಕೊಂಡೀತು ಎಂದುಕೊಂಡೆ. ಓದಿದವರು ಮಾಡುವ ಲೆಕ್ಕಾಚಾರ ಇದು. ನಿನ್ನ ಕೈ ಅಂಥ ಕೈಯಲ್ಲ.

ಕಾರಿನ ಸಾಮಾನು ಮಾರುವ ಅಂಗಡಿಯ ದುಶ್ಯಂತ್ ನನ್ನನ್ನು ನೋಡಿ ನಕ್ಕಿದ್ದನ್ನು ನಿನಗೆ ಹೇಳಿಲ್ಲ. ಎಸಿಯ ಕಿಂಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಹೋಲ್ಡರನ್ನು ಎದುರಿಗಿಟ್ಟು, ‘ಸಾರ್, ನಿಮ್ಮ ಗಾಡೀಲಿ ಎಸಿ ಅಂದ್ರೆ ಕಿಟಕಿ ತಾನೆ?’ ಎಂದ. ಎರಡು ಸೀಟಿನ ನಡುವೆ ಇಡುವುದನ್ನು ಕೇಳಿದೆ. ‘ಮುಂದೆ ಒಂದೇ ಉದ್ದನೆ ಸೀಟು ಸಾರ್, ಮಂಚ ಇದ್ದಂಗಿದೆ. ನಡು ಎಲ್ಲಿಂದ ತರಲಿ?’ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಮುಚ್ಚಳ ತೆರೆದು ಅದರ ಮೇಲೆ ಲೋಟ ಇಟ್ಟರೆ ಜಾರಿ ಮಡಿಲಿಗೇ ಬರುತ್ತದೆ. ಆ ಕಾಲದ ಕಾರಿನಲ್ಲಿ ಸಿಗರೇಟಿನ ಬೂದಿಗೆ ಜಾಗ ಇದೆ, ಲೋಟಕ್ಕಿಲ್ಲ. ಕೊನೆಗೆ ವೆಲ್ಡಿಂಗ್ ಮಾಡುವ ದೇವರಾಜನನ್ನು ಮನೆಗೇ ಕರೆಸಿದೆ. ಅವನು ಕಬ್ಬಿಣದ ಪಟ್ಟಿಯನ್ನು ಬಳೆಯ ಹಾಗೆ ಬಗ್ಗಿಸಿ, ಸ್ಟೇರಿಂಗಿನ ಎಡಕ್ಕೆ ಡ್ಯಾಶ್‌ಬೋರ್ಡಿನ ಕೆಳಗೆ ತೂತು ಕೊರೆದು ಕೂರಿಸಿದ. ನಮ್ಮ ಸ್ಟೀಲ್ ಲೋಟದ ಅಂಚು ಅದರಲ್ಲಿ ಸರಿಯಾಗಿ ಕೂತಿತು. ನಿಂತ ಕಾರಿನಲ್ಲಿ ನಾನು ಕೂತು, ಪಾನಕ ಕುಡಿದು ನೋಡಿ, ತೃಪ್ತನಾದೆ. ಸ್ಟೇರಿಂಗಿನ ಕೆಳಗಿನ ಗೇರಿನ ಕಡ್ಡಿ ಓಡುವಾಗ ಅದೇ ಜಾಗಕ್ಕೆ ಬರುತ್ತದೆ ಎಂದು ಗೇರು ಹಾಕಿ ಗೊತ್ತಿಲ್ಲದವನಿಗೆ ಹೇಗೆ ಹೊಳೆಯಬೇಕು? ಸೋಮವಾರ ಗೇಟಿನಿಂದಾಚೆ ಎರಡನೇ ಗೇರಿಗೇ ಪಾನಕವೆಲ್ಲ ನಿನ್ನ ಸೀರೆಯ ಮೇಲೆ ಬಿತ್ತು. ನೀನು ನಿಲ್ಲಿಸಲಿಲ್ಲ. ಭದ್ರಾವತಿಗೆ ಹೋಗಿ, ಪೂಜೆ ಮಾಡಿ, ವಾಪಸು ಬಂದು, ಖಾಲಿ ಲೋಟವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿದೆ.

ಪೂಜೆಗೆ ಮುಂಚೆ ಪಾನಕ ಇಡುತ್ತೀಯಾ ಎಂದು ಬಯ್ಯುತ್ತೀಯ ಎಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಕಟ್ಟಿಕೊಂಡಿದ್ದೆ. ನೀನು ಅಂದದ್ದು ಬೇರೆಯೇ. ‘ಮೂವತ್ತು ವರ್ಷ ನಿಮ್ಮಪ್ಪನ ಪಕ್ಕ ಲೋಟ ಹಿಡ್ಕೊಂಡು ಕೂತಿದ್ದೆ. ಆವಾಗ ಯಾರಿಗೂ ಒಂದು ಬಳೆ ಬಡಿಸಬೇಕು ಅನ್ನಿಸಲಿಲ್ಲ. ಈಗ ನಾನು ಓಡಿಸೋಕೆ ಕೂತ್ರೆ ನನ್ನ ಪಕ್ಕ ಒಂದು ತಗಡು ಕೂರಿಸ್ತೀಯಾ?’

ಅಮ್ಮಾ, ಅಪ್ಪ ಓಡಿಸುತ್ತಿದ್ದದ್ದು ನನಗೆ ಹಿಂದಿನ ಸೀಟಿನಿಂದ ಕಂಡ ಹಾಗೆ ನೆನಪಿದೆ. ಅಂಗಡಿಗೆ ಕಬ್ಬಿಣದ ಸಾಮಾನು ತರಲು ಭದ್ರಾವತಿಗೆ ಹೋಗುವಾಗ ನಮ್ಮನ್ನೂ ಕೂರಿಸಿಕೊಳ್ಳುತ್ತಿದ್ದರು. ಊರು ದಾಟುವ ಮುಂಚೆಯೇ ಅವರಿಗೆ ಹಸಿವು. ನೀನು ಪೇಪರಿನ ಪೊಟ್ಟಣ ಬಿಚ್ಚಿ ಮಂಡಕ್ಕಿಯನ್ನು ಅವರ ಎಡ ಅಂಗೈಗೆ ಹಾಕುತ್ತಿದ್ದೆ, ಮೆಣಸಿನಕಾಯಿ ಬೋಂಡವನ್ನು ಮುರಿದು, ಊದಿ ಕೊಡುತ್ತಿದ್ದೆ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಲೋಟ ಹಿಡಿದು ಕೂರುತ್ತಿದ್ದೆ. ಕಾರು ಎಷ್ಟು ಎಗರಿದರೂ ನಿನ್ನ ಕೈಯ ಕಾಫಿ ಅಲುಗುತ್ತಿರಲಿಲ್ಲ. ಅವರೇ ಬ್ರೇಕ್ ಒತ್ತಿ ಚೆಲ್ಲಿಕೊಂಡರೆ ಮಾತ್ರ, ‘ನೋಡ್ಕೊಂಡು ಹಿಡಿ ಮಾರಾಯ್ತಿ, ಷರಟು ಹಾಳಾಯ್ತು’ ಎನ್ನುತ್ತಿದ್ದರು. ನೀನು ಯಾವಾಗ ತಿಂದೆ, ಕುಡಿದೆ? ಎಷ್ಟು ಯೋಚಿಸಿದರೂ ನನಗೆ ಒಂದೂ ಚಿತ್ರ ಸಿಗುವುದಿಲ್ಲ. ಹಾರ್ನು, ವೈಪರ್ ಇದ್ದ ಹಾಗೆ ನೀನೂ ಆ ಕಾರಿನ ಜೊತೆಗೇ ಬಂದವಳು ಎಂದುಕೊಂಡಿದ್ದೆನೋ ಏನೋ.

ಅಪ್ಪ ಹೋದ ಮೇಲೆ ಗಾಡಿ ಮಾರಿಬಿಡಿ ಎಂದು ನೆಂಟರೆಲ್ಲ ಹೇಳುತ್ತಿದ್ದಾಗ ನೀನು ಲಾರಿ ಓಡಿಸುತ್ತಿದ್ದ ಜಂಬಣ್ಣನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೆ. ‘ಅಕ್ಕಾರೆ, ಅದು ಸ್ಟೇರಿಂಗು, ಕೋಸಂಬರಿ ಕಲಸ್ದಂಗೆ ಕಲಸಬೇಡ್ರಿ’ ಎಂದು ಅವನು ಕೂಗುವುದು ಬೀದಿಗೆಲ್ಲ ಕೇಳುತ್ತಿತ್ತು. ಅರವತ್ತರ ಹತ್ತಿರ ಬಂದ ಹೆಂಗಸು ಕಾರು ಕಲಿಯುತ್ತಾಳೆ ಎಂದು ಜನ ನಕ್ಕರು. ನಾನು ನಗಲಿಲ್ಲ, ಆದರೆ ಯಾಕೆ ಎಂದು ಕೇಳಲೂ ಇಲ್ಲ. ಈಗ ಅನ್ನಿಸುತ್ತದೆ, ನಿನಗೆ ಬೇಕಾಗಿದ್ದದ್ದು ಭದ್ರಾವತಿಗಿಂತ ಹೆಚ್ಚಾಗಿ ಆ ಬಲಗಡೆಯ ಜಾಗವಿರಬೇಕು, ಎರಡೂ ಕೈ ಸ್ಟೇರಿಂಗ್ ಮೇಲೆ ಇರುವ ಜಾಗ, ಯಾರ ಲೋಟವೂ ಕೈಯಲ್ಲಿ ಇಲ್ಲದ ಜಾಗ. ಹಾಗಿದ್ದರೆ ನಾನು ಬಳೆ ಬಡಿಸಿದ್ದು ಸರಿಯಾಗಿ ಅದೇ ಜಾಗಕ್ಕೆ. ಬಿಚ್ಚಿಸಿದ್ದೇನೆ. ಎರಡು ತೂತು ಉಳಿದಿವೆ, ಅವನ್ನು ಮುಚ್ಚಲು ಆಗುವುದಿಲ್ಲವಂತೆ.

ಆದರೂ ನನ್ನ ಸಿಟ್ಟು ಇಳಿದಿಲ್ಲ, ಅದನ್ನು ಮುಚ್ಚಿಟ್ಟು ಬರೆದರೆ ಈ ಕಾಗದ ಸುಳ್ಳಾಗುತ್ತದೆ. ನಿನಗೆ ನೋವಾಗಿದೆ, ಒಪ್ಪಿದೆ. ಆದರೆ ನಿನ್ನ ನೋವಿನ ಮಾತು ಎದ್ದ ಕೂಡಲೇ ಮರಳಿನ ರಾಶಿಯ ಮಾತು ಎಲ್ಲಿಗೋ ಹೋಯಿತು. ಅಕ್ಕ ಲೋಟದ ಬಗ್ಗೆ ಕೇಳುತ್ತಾಳೆ, ಭಾವ ತೂತಿನ ಬಗ್ಗೆ ಕೇಳುತ್ತಾರೆ. ಅಮ್ಮ ಕಾರಿನಲ್ಲಿ ಪ್ರಜ್ಞೆ ತಪ್ಪಿದಳಂತೆ, ಹೌದಾ ಎಂದು ಯಾರೂ ಕೇಳುತ್ತಿಲ್ಲ. ನೀನು ಹೇಳಿದ್ದರೆ ತಾನೆ ಕೇಳುವುದು! ನಿನ್ನೆ ಮಧ್ಯಾಹ್ನ ಇದನ್ನೇ ಊಟಕ್ಕೆ ಕೂತಾಗ ಹೇಳಿಕೊಂಡು ರೇಗುತ್ತಿದ್ದೆ. ಸ್ಫೂರ್ತಿ ತಟ್ಟೆಯಿಂದ ತಲೆಯೆತ್ತದೆ, ‘ಅಜ್ಜಿ ಸೋಮವಾರ ಶುಗರ್ ಮಾತ್ರೆನ ನೀರಿಲ್ದೆ ನುಂಗ್ತಾರೆ ಅಪ್ಪ. ಮಾತ್ರೆ ಊಟ ಅಲ್ಲ, ಔಷಧಿ, ಅದಕ್ಕೆ ನೇಮ ಇಲ್ಲ ಅಂತಾರೆ. ಬರೀ ನೀರಿಗೆ ಅಂತೆ ನೇಮ’ ಎಂದಳು. ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ, ಆಮೇಲೆ ಎರಡು ಗಂಟೆ ಸ್ಟೇರಿಂಗ್ ಮತ್ತು ಪೂಜೆ. ಇಷ್ಟು ದಿನ ಇದು ಒಬ್ಬಳು ಹುಡುಗಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನಾಳೆ ಚಿಕ್ಕಮ್ಮನ ಮನೆಗೆ ಸ್ಫೂರ್ತಿಯೇ ಬಸ್ಸಿನಲ್ಲಿ ಹೋಗುತ್ತಾಳೆ. ಪತ್ರೆ ಏರಿಸುವ ಕ್ರಮ ನಿನ್ನಿಂದ ಫೋನಿನಲ್ಲಿ ಕೇಳಿಕೊಳ್ಳುತ್ತಾಳಂತೆ. ಅವಳ ಫೋನನ್ನಾದರೂ ಎತ್ತು. ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಪಾದ ಮುಟ್ಟಲು ನೀನು ಎದುರಿಗಿಲ್ಲ, ಕಾಗದದ ಮೇಲೆಯೇ ತಲೆ ಬಾಗಿಸಿದ್ದೇನೆ.

ನಿನ್ನ ಮಗ
ವೀರೇಂದ್ರ

ಮತ್ತೆ: ಜಯಕುಮಾರ್ ಗೇಟಿಗೆ ಬಂದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ಡಾಕ್ಟರ ಹತ್ತಿರ ಹೋಗಿದ್ದೆ. ಪ್ರತಿ ಸಲ ಅವರು ತಿಂಡಿ ಎಷ್ಟೊತ್ತಿಗೆ ಎಂದು ಕೇಳುವುದು, ನಾವಿಬ್ಬರೂ ಎಂಟಕ್ಕೆ ಎನ್ನುವುದು ನಡೆದೇ ಇತ್ತಲ್ಲ, ನಿನ್ನೆ ಸೋಮವಾರದ ವಿಷಯ ಪೂರ್ತಿ ಹೇಳಿದೆ. ಅವರು ನೇಮ ಬಿಡಿಸಿ ಎನ್ನಲಿಲ್ಲ. ‘ಉಪವಾಸದ ದಿನ ಬೆಳಗಿನ ಮಾತ್ರೆ ಬೇಡ, ಊಟಕ್ಕೆ ಕೂತಾಗ ತಗೊಳ್ಳಲಿ. ಇದನ್ನ ಮೊದಲೇ ಹೇಳಬಾರದಾ ಮಾರಾಯ್ರೇ’ ಎಂದರು, ಅಷ್ಟೆ. ನಾಳೆ ಕಾರ್ತಿಕದ ಸೋಮವಾರ, ನೀನು ದೀಪ ಹಚ್ಚುವವರೆಗೂ ಉಪವಾಸ ಇರುತ್ತೀಯ. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇನೆ, ಆದರೆ ಅವಳ ಕಣ್ಣು ತಪ್ಪಿಸಿ ನೀನು ನುಂಗುತ್ತೀಯ, ಕಾಪಾಡುವವನಿದ್ದಾನೆ ಎಂದುಕೊಂಡು. ಅದಕ್ಕೇ ದ್ಯಾಮಮ್ಮ ಹೇಳಬೇಡಿ ಎಂದು ಕೈ ಮುಗಿದದ್ದನ್ನು ಹೇಳುತ್ತಿದ್ದೇನೆ. ಆವತ್ತು ಏನೂ ಮುಟ್ಟದೆ ನೀನು ಎದ್ದು ಕೂರಲಿಲ್ಲ. ನಿನಗೆ ಪೂರ್ತಿ ಎಚ್ಚರ ತಪ್ಪಿದಾಗ ಅವಳು ಬೆರಳನ್ನು ಸಕ್ಕರೆಯಲ್ಲಿ ಅದ್ದಿ ನಿನ್ನ ತುಟಿಯ ಒಳಗೆ ತಿಕ್ಕಿದಳು, ಕಣ್ಣು ಬಿಡುವವರೆಗೂ ತಿಕ್ಕುತ್ತಲೇ ಇದ್ದಳು. ಹಾಗಾಗಿ ಅಂದಿನ ನೇಮ ಆಗಲೇ ಮುರಿದಿತ್ತು, ಆಮೇಲೂ ನೀನು ಪೂಜೆ ಮಾಡಿದೆ, ಅವನು ಒಪ್ಪಿಕೊಂಡ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ, ಅವಳ ಮೇಲೆ ಬೇಡ. ನಾಳೆ ಬೆಳಿಗ್ಗೆ ಮಾತ್ರೆ ನುಂಗಬೇಡ.